ಹಪ್ಪಳ, ಚಿಪ್ಸ್, ಉಪ್ಪಿನಕಾಯಿ ಪ್ಯಾಕೆಟ್ಟಿಗೆ ಬಾರ್‌ಕೋಡ್: ಯಾರ ಹತ್ರ ತೆಗೊಳ್ಳೋದು, ಹೇಗೆ ಒತ್ತಿಸೋದು?

ನೀರ್ಚಾಲು ಗೃಹೋದ್ಯಮ

ಕಾಸರಗೋಡಿನ ಒಂದು ಸೂಪರ್ ಮಾರ್ಕೆಟ್, ಮಂಗಳೂರಿನ ಎರಡು ಅಂಗಡಿಯವರು ನಮ್ಮ ಸಾಮಾನು ಇಡ್ತೇವೆ ಅಂದಿದ್ದಾರೆ. ಬಾರ್‌ಕೋಡ್ ಇಲ್ಲದೆ ಆಗುವುದಿಲ್ಲವಂತೆ. ನಮ್ಮದು ಐದು ಬಗೆ: ಹಲಸಿನಕಾಯಿ ಹಪ್ಪಳ (ಸಪ್ಪೆ, ಖಾರ, 200 ಗ್ರಾಂ, 500 ಗ್ರಾಂ), ಬಾಳೆಕಾಯಿ ಚಿಪ್ಸ್ (150, 250 ಗ್ರಾಂ), ಅಪ್ಪೆಮಿಡಿ ಉಪ್ಪಿನಕಾಯಿ (300 ಮತ್ತು 500 ಗ್ರಾಂ ಬಾಟ್ಲಿ, 500 ಗ್ರಾಂ ಪೌಚ್), ಪುನರ್ಪುಳಿ ಸಿರಪ್ 700 ಮಿ.ಲೀ., ತೆಂಗಿನೆಣ್ಣೆ ಅರ್ಧ ಮತ್ತು ಒಂದು ಲೀಟರ್. ಜಿಎಸ್‌ಟಿ, ಉದ್ಯಮ್, ಎಫ್‌ಎಸ್‌ಎಸ್‌ಎಐ ಮೂರೂ ಉಂಟು. ಇಂಟರ್‌ನೆಟ್ಟಿನಲ್ಲಿ ಕೆಲವರು ಹತ್ತು ಬಾರ್‌ಕೋಡಿಗೆ ಕೆಲವೇ ನೂರು ರೂಪಾಯಿ ಕೇಳ್ತಾರೆ, ವರ್ಷ ವರ್ಷ ಕಟ್ಟಲಿಕ್ಕಿಲ್ಲ ಅಂತಾರೆ. ತೆಗೊಂಡ್ರೆ ನಡೀತದಾ? ಲೇಬಲ್ ಪ್ರಿಂಟರ್ ಸಣ್ಣದೊಂದು ಇದೆ, 203 ಡಿಪಿಐ.

ಕೌಂಟರ್ ಸಾಫ್ಟ್‌ವೇರ್

ಅಕ್ಕ, ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಗೆರೆಗೆ ಬೆಲೆ ಇಲ್ಲ, ಬೆಲೆ ಇರುವುದು ಕೆಳಗಿನ 13 ಅಂಕಿಗೆ. ಗೆರೆ ಬರೆದುಕೊಡುವ ಉಚಿತ ಸಾಫ್ಟ್‌ವೇರ್ ಬೇಕಾದಷ್ಟು ಉಂಟು, ಯಾವ 12 ಅಂಕಿ ಕೊಟ್ಟರೂ ಹದಿಮೂರನೆಯದು ಸೇರಿಸಿ ಚಿತ್ರ ಮಾಡಿ ಕೊಡ್ತವೆ. ಕೆಎಲ್ 14 ಅಂತ ಬೋರ್ಡು ಯಾವ ಪೇಂಟರ್ ಬೇಕಾದ್ರೂ ಬರೀತಾನೆ. ಆರ್‌ಸಿ ಯಾರ ಹೆಸರಿನಲ್ಲಿ ಉಂಟು ಅಂತ ಕೇಳುವಾಗ ಗೊತ್ತಾಗುವುದು. ಇಲ್ಲಿ ಆರ್‌ಸಿ ಕೊಡುವವರು ಜಿಎಸ್1, ಬಾರ್‌ಕೋಡ್ ನಂಬರ್ ಹಂಚುವ ಅಂತಾರಾಷ್ಟ್ರೀಯ ಸಂಸ್ಥೆ. ನಮ್ಮ ದೇಶಕ್ಕೆ ಜಿಎಸ್1 ಇಂಡಿಯಾ, ಆಫೀಸು ದೆಹಲಿಯಲ್ಲಿ, 1996ರಿಂದ ಉಂಟು.

13 ಅಂಕಿಯಲ್ಲಿ ಮೊದಲ ಮೂರು 890. ಆಮೇಲೆ ನಿಮ್ಮ ಕಂಪೆನಿಗೆ ಅಂತ ಕೊಡುವ ಅಂಕಿಗಳು. 890 ಮತ್ತು ಇವು ಸೇರಿ ಕಂಪೆನಿ ಪ್ರಿಫಿಕ್ಸ್. ಅದಾದ ಮೇಲೆ ನೀವೇ ಕೊಡುವ ಸಾಮಾನಿನ ನಂಬರ್. ಕಡೆಯದು ಚೆಕ್ ಡಿಜಿಟ್, ಅಂದ್ರೆ ಉಳಿದ ಅಂಕಿ ಸರಿ ಉಂಟಾ ಅಂತ ತಾಳೆ ನೋಡುವ ಅಂಕಿ. ಪ್ರಿಫಿಕ್ಸ್ 10 ಅಂಕಿಯದಾದರೆ ನಿಮಗೆ ಉಳಿಯುವುದು ಎರಡು, ಅಂದ್ರೆ 00ಯಿಂದ 99ರ ತನಕ 100 ಸಾಮಾನು. 9 ಅಂಕಿಯದಾದರೆ 1,000. 8 ಆದರೆ 10,000.

ಅಗ್ಗದಲ್ಲಿ ಮಾರುವ ನಂಬರ್ ಹೆಚ್ಚಾಗಿ 0 ಅಥವಾ 7ರಿಂದ ಶುರುವಾಗ್ತದೆ. ಅವು 2002ಕ್ಕೆ ಮೊದಲು ಅಮೆರಿಕದಲ್ಲಿ ಯಾವುದೋ ಕಂಪೆನಿಗೆ ಕೊಟ್ಟ ಪ್ರಿಫಿಕ್ಸ್‌ನ ತುಂಡುಗಳು. ಆ ಕಾಲದ ಒಪ್ಪಂದದಲ್ಲಿ ಮರುಮಾರಾಟಕ್ಕೆ ಅಡ್ಡಿ ಬರೆದಿರಲಿಲ್ಲ, ಅದೇ ಸಂದಿನಲ್ಲಿ ಈ ವ್ಯಾಪಾರ ನಡೀತದೆ. ಕೌಂಟರಿನಲ್ಲಿ ಸ್ಕ್ಯಾನ್ ಆಗ್ತದಾ? ಖಂಡಿತ ಆಗ್ತದೆ. ಅಂಗಡಿಯ ಕಂಪ್ಯೂಟರಿಗೆ ಅದು ಬರೀ ಅಂಕಿ, ಸಾಮಾನಿನ ಹೆಸರು ಮತ್ತು ರೇಟು ಅವರ ಡೇಟಾಬೇಸಿನಿಂದ ಬರುವುದು. ಹಾಗಾಗಿಯೇ ಮಾರುವವನು ಧೈರ್ಯದಲ್ಲಿ "ಬೇಕಾದ್ರೆ ಸ್ಕ್ಯಾನ್ ಮಾಡಿ ನೋಡಿ" ಅಂತಾನೆ. ಸಿಕ್ಕಿಬೀಳುವುದು ದೊಡ್ಡ ಚೈನ್ ಅಂಗಡಿ, ಆನ್‌ಲೈನ್ ಮಾರಾಟದ ಜಾಗದಲ್ಲಿ. ಅವರು ಆ ನಂಬರ್ ಹಾಕಿ ಜಿಎಸ್1 ದಾಖಲೆಯಲ್ಲಿ ಯಾರ ಹೆಸರು ಉಂಟು ನೋಡ್ತಾರೆ. ನಿಮ್ಮ ಹಪ್ಪಳದ ನಂಬರಿಗೆ ಯಾವುದೋ ದೇಶದ ಬೇರೆ ಕಂಪೆನಿ ಹೆಸರು ಬಂದ್ರೆ ಕತೆ ಮುಗೀತು. ನೀವೂ ನೋಡಬಹುದು, "ವೆರಿಫೈಡ್ ಬೈ ಜಿಎಸ್1" ಅಂತ ಹುಡುಕಿ ಅಲ್ಲಿ ನಂಬರ್ ಹಾಕಿದರೆ ಸಾಕು.

ಇನ್ನೊಂದು ಮಾತು. ಒಂದೇ ಒಂದು ಅಂಗಡಿಗೆ ಕೊಡುವುದಾದರೆ ಇದ್ಯಾವುದೂ ಬೇಡ. 20ರಿಂದ 29ರ ತನಕ ಶುರುವಾಗುವ ನಂಬರುಗಳು ಅಂಗಡಿಯ ಒಳಗಿನ ಬಳಕೆಗೆ ಅಂತಲೇ ಬಿಟ್ಟದ್ದು. ಅಂಗಡಿಯವರೇ ತಮ್ಮ ಸ್ಟಿಕ್ಕರ್ ಅಂಟಿಸಿಕೊಳ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ತೂಗಿ ಕೊಡುವ ಚಿಪ್ಸಿಗೆ ತಕ್ಕಡಿಯಿಂದ ಬರುವ ಸ್ಟಿಕ್ಕರೂ ಇದೇ ಜಾತಿ, ಅದರಲ್ಲಿ ತೂಕ ಅಥವಾ ರೇಟು ನಂಬರಿನ ಒಳಗೇ ಇರ್ತದೆ. ಆದರೆ ಆ ನಂಬರನ್ನು ನಿಮ್ಮ ಪ್ಯಾಕೆಟಿನಲ್ಲಿ ಅಚ್ಚು ಹಾಕಿಸಬೇಡಿ, ಪಕ್ಕದ ಅಂಗಡಿಯಲ್ಲಿ ಅದೇ ನಂಬರ್ ಅವರ ತೊಗರಿಬೇಳೆಯದ್ದಾಗಿರ್ತದೆ. ನಿಮ್ಮದು ಮೂರು ಅಂಗಡಿ, ಎರಡು ಊರು. ಸ್ವಂತ ಪ್ರಿಫಿಕ್ಸ್ ತೆಗೊಳ್ಳುವುದೇ ಸರಿ.

ಪೆರ್ಲ ಪೇಟೆ

890 ಇದ್ದರೆ ಭಾರತದಲ್ಲಿ ತಯಾರಾದದ್ದು ಅಂತ ವಾಟ್ಸಾಪಿನಲ್ಲಿ ಬರ್ತದಲ್ಲ, ಅದು ಹೌದಾ?

ಕೌಂಟರ್ ಸಾಫ್ಟ್‌ವೇರ್

ಅಲ್ಲ. ನಂಬರ್ ತೆಗೊಂಡ ಕಂಪೆನಿ ಜಿಎಸ್1 ಇಂಡಿಯಾದಲ್ಲಿ ನೋಂದಣಿ ಆಗಿದೆ ಅಂತ ಮಾತ್ರ. ಸಾಮಾನು ಎಲ್ಲಿ ತಯಾರಾದರೂ ಆಗಬಹುದು.

ವಿದ್ಯಾನಗರ ಲೆಕ್ಕಪತ್ರ

ನೋಂದಣಿ ಹೇಗೆ ಅಂತ ಹೇಳ್ತೇನೆ. ಎಲ್ಲ ಆನ್‌ಲೈನ್, ಜಿಎಸ್1 ಇಂಡಿಯಾದ ಸ್ವಂತ ವೆಬ್‌ಸೈಟಿನಲ್ಲೇ. ನಡುವೆ ಏಜೆಂಟ್ ಬೇಕಾಗಿಲ್ಲ. "ಬಾರ್‌ಕೋಡ್ ರಿಜಿಸ್ಟ್ರೇಶನ್" ಅಂತ ಹುಡುಕಿದರೆ ಮೊದಲು ಬರುವುದು ಜಾಹೀರಾತು ಆಗಿರುವ ಸಂಭವ ಉಂಟು, ಹಣ ಕಟ್ಟುವ ಮೊದಲು ಯಾರ ಪುಟದಲ್ಲಿ ಇದ್ದೇವೆ ಅಂತ ನೋಡಿ.

ಕಾಗದಪತ್ರ: ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಸಂಸ್ಥೆಯ ದಾಖಲೆ (ಪಾಲುದಾರಿಕೆಯಾದರೆ ಪಾಲುಪತ್ರ, ಒಬ್ಬರದೇ ಆದರೆ ಉದ್ಯಮ್ ಸಾಕಾಗ್ತದೆ), ವಹಿವಾಟು ತೋರಿಸುವ ಬ್ಯಾಲೆನ್ಸ್ ಶೀಟ್, ರದ್ದು ಮಾಡಿದ ಚೆಕ್ಕು, ಲೆಟರ್‌ಹೆಡ್ಡಿನಲ್ಲಿ ಮನವಿ. ಇದರಲ್ಲಿ ಅರ್ಜಿ ಹಿಂದೆ ಬರುವುದು ಒಂದೇ ಕಾರಣಕ್ಕೆ, ಹೆಸರು ತಾಳೆಯಾಗದೆ. ಪ್ಯಾನಿನಲ್ಲಿ ಯಜಮಾನರ ಹೆಸರು, ಜಿಎಸ್‌ಟಿಯಲ್ಲಿ ಟ್ರೇಡ್ ನೇಮ್ ಒಂದು, ಬ್ಯಾಂಕಿನಲ್ಲಿ ಅದೇ ಹೆಸರಿನ ಬೇರೆ ಸ್ಪೆಲ್ಲಿಂಗ್. ನಮ್ಮ ಕಡೆ ಇದು ಜಾಸ್ತಿ, ಯಾಕಂದ್ರೆ ಕನ್ನಡದ ಹೆಸರು ಮಲಯಾಳದ ಉಚ್ಚಾರಕ್ಕೆ ಹೊರಳಿ ಇಂಗ್ಲಿಷಿಗೆ ಹೋಗಿರ್ತದೆ. ಮೊದಲು ಅದನ್ನು ಸರಿಮಾಡಿ, ಆಮೇಲೆ ಅರ್ಜಿ.

ಶುಲ್ಕಕ್ಕೆ ಎರಡು ಭಾಗ: ಒಂದು ಸಲದ ನೋಂದಣಿ, ವರ್ಷಕ್ಕೊಂದು ಚಂದಾ. ಮೇಲೆ ಜಿಎಸ್‌ಟಿ. ಎಷ್ಟು ಅನ್ನುವುದು ನಿಮ್ಮ ವಹಿವಾಟಿನ ಸ್ಲ್ಯಾಬ್, ಎಷ್ಟು ನಂಬರ್ ಬೇಕು ಅನ್ನುವುದರ ಮೇಲೆ. ಸ್ಲ್ಯಾಬ್ ಪಟ್ಟಿ ಅವರ ಪುಟದಲ್ಲೇ ಉಂಟು, ಅರ್ಜಿ ಹಾಕುವ ದಿನ ಅದನ್ನೇ ನೋಡಿ, ಯಾರೋ ಹಿಂದೆ ಕಟ್ಟಿದ ಮೊತ್ತ ಕೇಳಿ ಪ್ರಯೋಜನ ಇಲ್ಲ. ಒಂದಕ್ಕಿಂತ ಹೆಚ್ಚು ವರ್ಷದ್ದು ಒಟ್ಟಿಗೆ ಕಟ್ಟಲಿಕ್ಕೂ ಆಗ್ತದೆ. ಚಂದಾ ತಪ್ಪಿದರೆ ಪ್ರಿಫಿಕ್ಸ್ ಬಳಸುವ ಹಕ್ಕು ಹೋಗ್ತದೆ, ಪ್ಯಾಕೆಟ್ ಅಂಗಡಿಯಲ್ಲಿ ಇದ್ದರೂ ದಾಖಲೆಯಲ್ಲಿ ನೀವಿಲ್ಲ. ನೆನಪಿಗೆ ಮೊಬೈಲಿನಲ್ಲಿ ಅಲಾರಂ ಹಾಕಿಡಿ.

ಈಗ ನಿಮ್ಮ ಲೆಕ್ಕ. ನೀವು ಐದು ಬಗೆ ಅಂದ್ರಿ, ನಂಬರ್ ಬೇಕಾದದ್ದು 12. ಹಪ್ಪಳಕ್ಕೆ ನಾಲ್ಕು (ಎರಡು ರುಚಿ, ಎರಡು ತೂಕ), ಚಿಪ್ಸಿಗೆ ಎರಡು, ಉಪ್ಪಿನಕಾಯಿಗೆ ಮೂರು, ಸಿರಪ್ಪಿಗೆ ಒಂದು, ಎಣ್ಣೆಗೆ ಎರಡು. ಗಿರಾಕಿಯೋ ಅಂಗಡಿಯವನೋ ಬೇರೆ ಅಂತ ಎಣಿಸುವುದಕ್ಕೆಲ್ಲ ಬೇರೆ ನಂಬರ್. 500 ಗ್ರಾಂ ಉಪ್ಪಿನಕಾಯಿ ಬಾಟ್ಲಿಗೂ ಪೌಚಿಗೂ ಒಂದೇ ತೂಕವಾದರೂ ನಂಬರ್ ಬೇರೆಯೇ. 100ರ ಪ್ಯಾಕ್ ನಿಮಗೆ ಧಾರಾಳ. 1,000ದ್ದು ತೆಗೊಂಡು ಪ್ರತಿವರ್ಷ ಜಾಸ್ತಿ ಚಂದಾ ಕಟ್ಟುವುದು ಬೇಡ.

ಸರಕಾರದ ಸಹಾಯವೂ ಉಂಟು. ಕೇಂದ್ರದ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಇಲಾಖೆ 2002ರಿಂದ ನೋಂದಣಿ ಶುಲ್ಕದ ನೂರಕ್ಕೆ 75, 2007ರಿಂದ ಮೊದಲ ಮೂರು ವರ್ಷದ ಚಂದಾದ ನೂರಕ್ಕೆ 75 ಹಿಂದೆ ಕೊಡುವ ಕ್ರಮ ಇಟ್ಟಿತ್ತು. ಆಮೇಲೆ ಅದು ಪ್ರೊಕ್ಯೂರ್‌ಮೆಂಟ್ ಆಂಡ್ ಮಾರ್ಕೆಟಿಂಗ್ ಸಪೋರ್ಟ್ ಯೋಜನೆಯೊಳಗೆ ಸೇರಿತು. ಈಗಿನ ದರ, ಅರ್ಜಿ ತೆರೆದಿದೆಯಾ ಅನ್ನುವುದನ್ನು ಇಲ್ಲಿ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ಅವರು ತ್ರಿಶ್ಶೂರಿನ ಎಂಎಸ್‌ಎಂಇ ಆಫೀಸಿಗೆ ದಾರಿ ತೋರಿಸ್ತಾರೆ. ಮೊದಲು ನೀವು ಕಟ್ಟಬೇಕು, ಆಮೇಲೆ ಹಿಂದೆ ಬರುವುದು. ಹಾಗಾಗಿ ಜಿಎಸ್1 ಕೊಡುವ ರಸೀದಿ, ಪ್ರಿಫಿಕ್ಸ್ ಮಂಜೂರಾದ ಪತ್ರ, ಬ್ಯಾಂಕಿನ ಪಾವತಿ ದಾಖಲೆ ಮೂರನ್ನೂ ಫೈಲು ಮಾಡಿ. ಏಜೆಂಟಿನ ಬಿಲ್ಲು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಉದ್ಯಮ್ ಇಲ್ಲದವರಿಗೂ ಇಲ್ಲ.

ಮುಳ್ಳೇರಿಯ ಹಾಳೆತಟ್ಟೆ

ಪರಿಚಯದವರ ಹತ್ರ 100 ನಂಬರ್ ಇದ್ದು 30 ಮಾತ್ರ ಬಳಕೆ ಆಗ್ತಾ ಉಂಟಾದ್ರೆ ಉಳಿದದ್ದರಲ್ಲಿ ಹತ್ತು ನಾವು ತೆಗೊಳ್ಳಬಹುದಾ? ಕುಟುಂಬಶ್ರೀ ಘಟಕಗಳು ಸೇರಿ ಒಂದು ತೆಗೊಳ್ಳುವ ಮಾತೂ ಉಂಟು.

ವಿದ್ಯಾನಗರ ಲೆಕ್ಕಪತ್ರ

ಮೊದಲನೆಯದು ಆಗುವುದಿಲ್ಲ. ಪ್ರಿಫಿಕ್ಸ್ ಒಬ್ಬರಿಗೆ ಕೊಟ್ಟ ಲೈಸೆನ್ಸ್, ತುಂಡು ಮಾಡಿ ಕೊಡುವ ಹಾಗಿಲ್ಲ. ನಿಮ್ಮ ತಟ್ಟೆ ಅವರ ಹೆಸರಿನಲ್ಲಿ ಕಾಣ್ತದೆ, ಅವರು ಚಂದಾ ನಿಲ್ಲಿಸಿದರೆ ನಿಮ್ಮದೂ ನಿಂತಿತು.

ಎರಡನೆಯದಕ್ಕೆ ಒಂದೇ ಪ್ರಶ್ನೆ: ಬ್ರ್ಯಾಂಡ್ ಯಾರದು? ಯಾರ ಬ್ರ್ಯಾಂಡೋ ಅವರು ನಂಬರ್ ಕೊಡಬೇಕು. ಹತ್ತು ಘಟಕ ಒಂದೇ ಬ್ರ್ಯಾಂಡಿನಲ್ಲಿ ಮಾರುವುದಾದರೆ ಆ ಬ್ರ್ಯಾಂಡಿನ ಸಂಘ ಅಥವಾ ಸಂಸ್ಥೆ ಪ್ರಿಫಿಕ್ಸ್ ತೆಗೊಂಡು ಎಲ್ಲರ ಸಾಮಾನಿಗೂ ಕೊಡಬಹುದು. ಒಬ್ಬೊಬ್ಬರದೂ ಬೇರೆ ಬೇರೆ ಬ್ರ್ಯಾಂಡ್ ಆದರೆ ಬೇರೆ ಬೇರೆ ಪ್ರಿಫಿಕ್ಸ್. ಸೂಪರ್ ಮಾರ್ಕೆಟಿನವರ ಹೆಸರಿನಲ್ಲಿ ನೀವು ತಯಾರಿಸಿ ಕೊಡುವುದಾದರೆ ನಂಬರ್ ಅವರದ್ದೇ, ನಿಮ್ಮದನ್ನು ಅಲ್ಲಿ ಹಾಕಲಿಕ್ಕೆ ಹೋಗಬೇಡಿ.

ನೀರ್ಚಾಲು ಗೃಹೋದ್ಯಮ

ಪ್ರಿಫಿಕ್ಸ್ ಬಂದ ಮೇಲೆ 12 ನಂಬರ್ ನಾವೇ ಮಾಡುವುದಾ? ಕಡೆಯ ಅಂಕಿ ಎಲ್ಲಿಂದ ಬರ್ತದೆ?

ಕೌಂಟರ್ ಸಾಫ್ಟ್‌ವೇರ್

ಜಿಎಸ್1 ಇಂಡಿಯಾದ ಡೇಟಾಕಾರ್ಟ್ ಅನ್ನುವ ಆನ್‌ಲೈನ್ ಪುಟದಲ್ಲಿ ಲಾಗಿನ್ ಆಗಿ ಸಾಮಾನಿನ ವಿವರ ತುಂಬಿದರೆ ಅದೇ ಲೆಕ್ಕ ಹಾಕಿ ಕೊಡ್ತದೆ. ಆದರೂ ಕೈಲೆಕ್ಕ ಗೊತ್ತಿರಬೇಕು, ಪ್ರೂಫ್ ನೋಡುವಾಗ ಬೇಕಾಗ್ತದೆ.

ಉದಾಹರಣೆಗೆ ಮಾತ್ರ, ಪ್ರಿಫಿಕ್ಸ್ 8901234567 ಅಂತ ಇಟ್ಟುಕೊಳ್ಳಿ, ಸಾಮಾನು 01. ಹನ್ನೆರಡು ಅಂಕಿ 890123456701. ಎಡದಿಂದ ಒಂದು, ಮೂರು, ಐದು ಹೀಗೆ ಬೆಸ ಸ್ಥಾನದವನ್ನು ಕೂಡಿಸಿ: 8+0+2+4+6+0, ಬಂತು 20. ಸಮ ಸ್ಥಾನದವು 9+1+3+5+7+1, ಅಂದ್ರೆ 26, ಅದನ್ನು ಮೂರರಿಂದ ಗುಣಿಸಿದರೆ 78. ಒಟ್ಟು 98. ಮುಂದಿನ ಹತ್ತರ ಮಗ್ಗಿ 100, ಬೇಕಾದದ್ದು 2. ಪೂರ್ತಿ ನಂಬರ್ 8901234567012.

ಸಾಮಾನು 02ಕ್ಕೆ ಇದೇ ಲೆಕ್ಕ ಹಾಕಿದರೆ ಒಟ್ಟು 101, ಚೆಕ್ ಡಿಜಿಟ್ 9. ನಂಬರ್ 8901234567029. ನೋಡಿ, 012 ಆದ ಮೇಲೆ 013 ಅಲ್ಲ, 029. ಎಕ್ಸೆಲ್‌ನಲ್ಲಿ ಮೊದಲ ನಂಬರ್ ಬರೆದು ಕೆಳಗೆ ಸಾಲಾಗಿ ತುಂಬುವ ಫಿಲ್ ಸೀರೀಸ್ ಕೊಟ್ಟರೆ 013, 014 ಅಂತ ತುಂಬ್ತದೆ, ಎಲ್ಲ ದಂಡ. ಎಕ್ಸೆಲ್‌ನದ್ದು ಇನ್ನೊಂದು ಕಾಟ: 13 ಅಂಕಿಯನ್ನು 8.9 ಗುಣಿಸು ಹತ್ತರ ಘಾತ ಅಂತ ಚಿಕ್ಕದು ಮಾಡಿ ತೋರಿಸ್ತದೆ. ಹಾಗೆ ತೋರಿಸುವಾಗಲೇ ಸಿಎಸ್‌ವಿ ಮಾಡಿ ಉಳಿಸಿದರೆ ಅಂಕಿಗಳೇ ಹೋಗ್ತವೆ. ಟೈಪ್ ಮಾಡುವ ಮೊದಲು ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ.

ಚೆಕ್ ಡಿಜಿಟ್ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಒಂದು ಅಂಕಿ ತಪ್ಪಿದರೆ ಹಿಡೀತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಹೆಚ್ಚಾಗಿ ಹಿಡೀತದೆ, ಆದರೆ ಅವುಗಳ ನಡುವಿನ ವ್ಯತ್ಯಾಸ 5 ಆದರೆ (1 ಮತ್ತು 6, 2 ಮತ್ತು 7) ದಾಟಿ ಹೋಗ್ತದೆ.

01, 02, 03 ಅಂತ ಸಾಲಾಗಿ ಕೊಡುತ್ತ ಹೋಗಿ. "ಹಪ್ಪಳಕ್ಕೆ 10ರಿಂದ, ಚಿಪ್ಸಿಗೆ 20ರಿಂದ" ಅಂತ ಬುದ್ಧಿವಂತಿಕೆ ಮಾಡಿದವರಿಗೆ ಆಮೇಲೆ ಹಪ್ಪಳ ಹನ್ನೊಂದನೆಯದು ಬಂದಾಗ ಜಾಗ ಇರುವುದಿಲ್ಲ. ಒಂದು ರಿಜಿಸ್ಟರ್ ಇಡಿ: ನಂಬರ್, ಸಾಮಾನು, ತೂಕ, ಪ್ಯಾಕಿನ ಬಗೆ, ಕೊಟ್ಟ ತಾರೀಕು. ಸಾಮಾನು ನಿಲ್ಲಿಸಿದರೂ ಆ ನಂಬರ್ ಬೇರೆಯದಕ್ಕೆ ಕೊಡುವ ಹಾಗಿಲ್ಲ, 2019ರಿಂದ ಮರುಬಳಕೆ ನಿಯಮದಲ್ಲೇ ಇಲ್ಲ.

ಡೇಟಾಕಾರ್ಟ್‌ನಲ್ಲಿ ನಂಬರ್ ಮಾತ್ರ ಮಾಡಿ ಬಿಟ್ಟುಬಿಡಬೇಡಿ. ಹೆಸರು, ಬ್ರ್ಯಾಂಡ್, ತೂಕ, ಜಿಎಸ್‌ಟಿಗೆ ಬಳಸುವ ಸರಕಿನ ಎಚ್‌ಎಸ್‌ಎನ್ ಸಂಖ್ಯೆ (ಹಪ್ಪಳಕ್ಕೆ 1905, ತೆಂಗಿನೆಣ್ಣೆಗೆ 1513), ಫೋಟೋ ಎಲ್ಲ ತುಂಬಿ. ಗಿರಾಕಿ ಸ್ಮಾರ್ಟ್ ಕನ್ಸ್ಯೂಮರ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಬರುವ ವಿವರ ನೀವು ತುಂಬಿಸಿದ್ದೇ. ಆನ್‌ಲೈನ್ ಮಾರುವವರೂ ಬ್ರ್ಯಾಂಡ್ ಹೆಸರು ಅಕ್ಷರಕ್ಕೆ ಅಕ್ಷರ ತಾಳೆ ನೋಡ್ತಾರೆ, ಪ್ಯಾಕೆಟ್ಟಿನಲ್ಲಿ ಒಂದು, ಇಲ್ಲಿ ಒಂದು ಆದರೆ ಲಿಸ್ಟಿಂಗ್ ತಿರಸ್ಕಾರ ಆಗ್ತದೆ.

ಕುಂಬಳೆ ಪ್ರಿಂಟಿಂಗ್

ನಂಬರಿನ ವಿಷಯ ಎಲ್ಲರೂ ಹೇಳಿದ್ರು. ಸರಿಯಾದ ನಂಬರ್ ಇಟ್ಟುಕೊಂಡೂ ಕೌಂಟರಿನಲ್ಲಿ ಬೀಪ್ ಬಾರದ ಪ್ಯಾಕೆಟ್ ದಿನಾ ಕಾಣ್ತದೆ, ಅದಕ್ಕೆ ಕಾರಣ ಅಚ್ಚು.

ಅಳತೆ ಮೊದಲು. ಈ 13 ಅಂಕಿಯ ಬಾರ್‌ಕೋಡಿಗೆ ಇಎಎನ್-13 ಅಂತ ಹೆಸರು. ಅದರ ಅತಿ ಸಪೂರ ಗೆರೆ 0.33 ಮಿ.ಮೀ., ಇದು 100 ಪರ್ಸೆಂಟ್ ಸೈಜ್. ಆ ಒಂದು ಸಪೂರ ಗೆರೆಯ ಅಗಲವನ್ನು ಒಂದು ಅಂಶ ಅಂತ ಇಟ್ಟುಕೊಂಡರೆ ಗೆರೆಗಳ ಭಾಗ 95 ಅಂಶ. ಎಡಗಡೆ 11 ಅಂಶ, ಬಲಗಡೆ 7 ಅಂಶ ಖಾಲಿ ಬಿಳಿ ಜಾಗ ಬೇಕು. ಒಟ್ಟು 113, ಅಗಲ 37.29 ಮಿ.ಮೀ., ಎತ್ತರ ಅಂಕಿ ಸೇರಿ 25.93. ಕಡಿಮೆ ಅಂದ್ರೆ 80 ಪರ್ಸೆಂಟ್ ತನಕ ಇಳಿಸಬಹುದು, ಆಗ 29.83 ಅಗಲ, 20.74 ಎತ್ತರ. ದೊಡ್ಡದು 200 ಪರ್ಸೆಂಟ್ ತನಕ. ಡಿಸೈನ್ ಮಾಡುವ ಹುಡುಗರು ಆ ಎರಡು ಬದಿಯ ಖಾಲಿ ಜಾಗ ಕಂಡ ಕೂಡಲೇ ಬಾರ್ಡರ್ ಎಳೀತಾರೆ, ಇಲ್ಲವಾದ್ರೆ ಎಫ್‌ಎಸ್‌ಎಸ್‌ಎಐ ನಂಬರ್ ತುರುಕ್ತಾರೆ. ಸ್ಕ್ಯಾನರಿಗೆ ಕೋಡ್ ಎಲ್ಲಿ ಶುರು, ಎಲ್ಲಿ ಮುಗೀತು ಗೊತ್ತಾಗುವುದು ಆ ಖಾಲಿ ಜಾಗದಿಂದ. ಅದು ಹೋದರೆ ಗೆರೆ ಎಷ್ಟು ಚೆಂದ ಇದ್ದರೂ ಓದುವುದಿಲ್ಲ. ನಮ್ಮ ಕಡೆ ಲೇಬಲ್ಲಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು ಅಂತಾರೆ, ಜಾಗ ಸಾಲದೆ ಕಡೆಗೆ ಕತ್ತರಿ ಬೀಳುವುದು ಬಾರ್‌ಕೋಡಿಗೆ. ಕಾನೂನಿನ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಉಳಿದ ಭಾಷೆ ನಿಮ್ಮಿಷ್ಟ. ಸಾಮಾನಿನ ಹೆಸರು ಮೂರರಲ್ಲೂ ಹಾಕಿ, ತಯಾರಿಸುವ ವಿಧಾನ ಮೂರು ಭಾಷೆಯಲ್ಲಿ ಬರೆಯುವುದು ಬೇಡ.

ಈಗ ನಿಮ್ಮ 203 ಡಿಪಿಐ ಪ್ರಿಂಟರ್. ಒಂದು ಮಿ.ಮೀ.ಗೆ 8 ಚುಕ್ಕಿ, ಒಂದು ಚುಕ್ಕಿ 0.125 ಮಿ.ಮೀ. ಅರ್ಧ ಚುಕ್ಕಿ ಒತ್ತಲಿಕ್ಕೆ ಅದಕ್ಕೆ ಬರುವುದಿಲ್ಲ. ಸಪೂರ ಗೆರೆ ಎರಡು ಚುಕ್ಕಿಯಾದರೆ 0.25, ಅದು 76 ಪರ್ಸೆಂಟ್, ನಿಯಮಕ್ಕಿಂತ ಕೆಳಗೆ. ಮೂರು ಚುಕ್ಕಿಯಾದರೆ 0.375, ಸುಮಾರು 114 ಪರ್ಸೆಂಟ್, ಅಗಲ 42.4 ಮಿ.ಮೀ. ಸಾಫ್ಟ್‌ವೇರಿನಲ್ಲಿ 100 ಪರ್ಸೆಂಟ್ ಅಂತ ಕೊಟ್ಟರೆ 2.64 ಚುಕ್ಕಿ ಬೇಕಾಗ್ತದೆ, ಆಗ ಕೆಲವು ಗೆರೆ ಎರಡು ಚುಕ್ಕಿ, ಕೆಲವು ಮೂರು. ಕಣ್ಣಿಗೆ ಏನೂ ಕಾಣುವುದಿಲ್ಲ, ಭೂತಗನ್ನಡಿ ಹಿಡಿದರೆ ಕಾಣ್ತದೆ: ಒಂದೇ ದಪ್ಪ ಇರಬೇಕಾದ ಎರಡು ಗೆರೆ ಬೇರೆ ಬೇರೆ. ಹಾಗಾಗಿ 203ರಲ್ಲಿ ಮೂರು ಚುಕ್ಕಿಯೇ ಗತಿ, 38 ಮಿ.ಮೀ. ರೋಲಿನಲ್ಲಿ ಅದು ಹಿಡಿಯುವುದಿಲ್ಲ. 50 ಮಿ.ಮೀ. ಅಗಲದ ರೋಲ್ ತೆಗೊಳ್ಳಿ, ಎತ್ತರವೂ 50 ಇದ್ದರೆ ಅದರಲ್ಲೇ ತಾರೀಕು, ಎಂಆರ್‌ಪಿ, ಬ್ಯಾಚ್ ಹೋಗ್ತದೆ. ಅಂಗಡಿಯವರು 38×25ರಲ್ಲಿ ಎರಡು ಚುಕ್ಕಿಯದ್ದು ಒತ್ತಿಕೊಂಡು ಅದೂ ಓದ್ತದೆ, ಹೌದು. ಅವರ ಸ್ಕ್ಯಾನರ್ ಅವರದ್ದು, ಓದದಿದ್ದರೆ ಅವರೇ ಇನ್ನೊಂದು ಅಂಟಿಸ್ತಾರೆ. ನಿಮಗೆ ಆ ಸೌಕರ್ಯ ಇಲ್ಲ. 300 ಡಿಪಿಐ ಪ್ರಿಂಟರಾದರೆ ನಾಲ್ಕು ಚುಕ್ಕಿಗೆ 0.339 ಮಿ.ಮೀ. ಬರ್ತದೆ, 103 ಪರ್ಸೆಂಟ್, ಚೆನ್ನಾಗಿ ಕೂರ್ತದೆ.

ಬಿಸಿಗೆ ಕಪ್ಪಾಗುವ ಡೈರೆಕ್ಟ್ ಥರ್ಮಲ್ ಕಾಗದ ತಿಂಡಿಗೆ ಬೇಡ. ಎಣ್ಣೆ ತಾಗಿದರೆ, ಬಿಸಿಲು ಬಿದ್ದರೆ ಮಾಸಿ ಹೋಗ್ತದೆ. ರಿಬ್ಬನ್ ಇರುವ ಥರ್ಮಲ್ ಟ್ರಾನ್ಸ್‌ಫರ್ ಬೇಕು. ಬರೀ ಮೇಣದ ರಿಬ್ಬನ್ ಎಣ್ಣೆ ಬಾಟ್ಲಿಯಲ್ಲಿ ಬೆರಳು ಉಜ್ಜಿದರೆ ಕೆದರ್ತದೆ, ವ್ಯಾಕ್ಸ್ ರೆಸಿನ್ (ಮೇಣಕ್ಕೆ ರಾಳ ಸೇರಿಸಿದ್ದು) ತೆಗೊಳ್ಳಿ. ಇನ್ನು, ಪ್ರಿಂಟರಿನ ಒತ್ತುವ ಹೆಡ್ಡಿನಲ್ಲಿ ಒಂದು ಚುಕ್ಕಿ ಸತ್ತರೆ ಲೇಬಲಿನ ಉದ್ದಕ್ಕೂ ಕೂದಲೆಳೆಯಷ್ಟು ಬಿಳಿ ಗೆರೆ ಬರ್ತದೆ. ಕೋಡಿನ ಗೆರೆ ಕಾಗದ ಹೊರಡುವ ದಿಕ್ಕಿನಲ್ಲೇ ಇದ್ದು ಆ ಬಿಳಿ ಅದರ ಮೇಲೆ ಬಿದ್ದರೆ ಗೆರೆ ತಲೆಯಿಂದ ಬುಡದ ತನಕ ಸಪೂರ ಆಯ್ತು, ಆ ರೋಲ್ ಪೂರ್ತಿ ಹಾಳು. ರೋಲ್ ಬದಲಿಸುವಾಗೆಲ್ಲ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ.

ನೀರ್ಚಾಲು ಗೃಹೋದ್ಯಮ

ಚಿಪ್ಸಿಗೆ ಪ್ರಿಂಟೆಡ್ ಪೌಚ್ ಮಾಡಿಸುವ ಅಂದಾಜು ಉಂಟು. ಬಣ್ಣ ಹಳದಿ, ಬಾರ್‌ಕೋಡ್ ಕೆಂಪು ಹಾಕಿದರೆ ಚೆಂದ ಅಂತ ಡಿಸೈನರ್ ಹೇಳ್ತಾರೆ.

ಕುಂಬಳೆ ಪ್ರಿಂಟಿಂಗ್

ಕೆಂಪು ಮಾತ್ರ ಬೇಡವೇ ಬೇಡ. ಕೌಂಟರಿನ ಸ್ಕ್ಯಾನರಿನ ಬೆಳಕು ಕೆಂಪು, ಕೆಂಪು ಗೆರೆ ಅದಕ್ಕೆ ಬಿಳಿಯ ಹಾಗೆ ಕಾಣ್ತದೆ. ಕಿತ್ತಳೆಯದ್ದೂ ಅದೇ ಕತೆ. ಗೆರೆಗೆ ಕಪ್ಪು, ಗಾಢ ನೀಲಿ, ಗಾಢ ಹಸಿರು ಆಗ್ತದೆ. ಹಿನ್ನೆಲೆಗೆ ಬಿಳಿ, ಹಳದಿ, ಕೆಂಪು ಕೂಡ ಆಗ್ತದೆ. ನಿಮ್ಮ ಹಳದಿ ಪೌಚಿನಲ್ಲಿ ಕಪ್ಪು ಗೆರೆ ಸರಿಯಾಗ್ತದೆ. ಮೊಬೈಲಿನಲ್ಲಿ ಕೆಂಪು ಗೆರೆ ಓದಿತು ಅಂತ ತೋರಿಸಿದರೆ ನಂಬಬೇಡಿ, ಮೊಬೈಲ್ ಕ್ಯಾಮೆರಾ ಬಣ್ಣ ನೋಡ್ತದೆ, ಕೌಂಟರಿನ ಲೇಸರ್ ಬಣ್ಣ ನೋಡುವುದಿಲ್ಲ.

ಕಪ್ಪು ಅಂದ್ರೆ ಕಪ್ಪು ಇಂಕ್ ಒಂದೇ. ನಾಲ್ಕು ಬಣ್ಣ ಸೇರಿಸಿದ ಕಪ್ಪು ಆದರೆ ಪ್ಲೇಟು ಒಂದು ಕೂದಲು ಸರಿದರೂ ಗೆರೆಯ ಅಂಚಿನಲ್ಲಿ ಬಣ್ಣದ ನೆರಳು ಬರ್ತದೆ. ಫೈಲನ್ನು ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಬಗೆ) ಆಗಿ ಕೊಡಿ, ಪಿಡಿಎಫ್ ಅಥವಾ ಎಸ್‌ವಿಜಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದ ಜೆಪಿಜಿಯನ್ನು ಹಿಗ್ಗಿಸಿ ಹಾಕಿದರೆ ಗೆರೆಯ ಅಂಚೆಲ್ಲ ಬೂದಿ. ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಪೌಚಿಗೆ ಅಚ್ಚಿನ ಸಿಲಿಂಡರ್ ಮಾಡುವವರಿಗೆ ಇಂಕ್ ಹರಡುವುದಕ್ಕೆ ಗೆರೆ ಎಷ್ಟು ಸಪೂರ ಮಾಡಬೇಕು ಅಂತ ಅವರ ಮೆಷಿನಿನ ಲೆಕ್ಕ ಇರ್ತದೆ, ಅದನ್ನು ಕೇಳಿ ಹಾಕಿಸಿ, ನಿಮ್ಮ ಡಿಸೈನರ್ ಮುಟ್ಟುವುದು ಬೇಡ.

ಪಾರದರ್ಶಕ ಪೌಚಿನಲ್ಲಿ ನೇರ ಗೆರೆ ಒತ್ತಿದರೆ ಹಿಂದೆ ಕಾಣುವುದು ಹಪ್ಪಳದ ಕಂದು. ಗೆರೆಯ ಅಡಿಗೆ ಬಿಳಿ ಇಂಕಿನ ಚೌಕ ಮೊದಲು ಒತ್ತಿಸಿ, ಆ ಚೌಕ ಖಾಲಿ ಜಾಗ ಸೇರಿ ಪೂರ್ತಿ 113 ಅಂಶಕ್ಕೂ ಬರಬೇಕು. ಗಾಳಿ ತುಂಬಿಸಿದ ಚಿಪ್ಸ್ ಪೌಚಿನಲ್ಲಿ ಸೀಲಿನ ಹತ್ರ ನೆರಿಗೆ ಬರ್ತದೆ, ಅಲ್ಲಿ ಬೇಡ. ಹಿಂಬದಿ, ಕೆಳಗೆ ಬಲಕ್ಕೆ, ಅಂಚಿನಿಂದ ಕನಿಷ್ಠ 8 ಮಿ.ಮೀ. ಒಳಗೆ.

ದುಂಡು ಬಾಟ್ಲಿಗೆ ಲೆಕ್ಕ ಬೇರೆ. ಕೋಡಿನ ನಡುವಿನಿಂದ ಅಂಚಿಗೆ ಬಾಗು 30 ಡಿಗ್ರಿ ದಾಟಬಾರದು. 100 ಪರ್ಸೆಂಟ್ ಕೋಡಿಗೆ ಹತ್ತಿರ ಹತ್ತಿರ 7 ಸೆಂ.ಮೀ. ವ್ಯಾಸ ಬೇಕಾಗ್ತದೆ. ನಿಮ್ಮ ಉಪ್ಪಿನಕಾಯಿ ಬಾಟ್ಲಿ ಅದಕ್ಕಿಂತ ಅಗಲ ಇದ್ದರೆ ತೊಂದರೆ ಇಲ್ಲ. ಸಪೂರದ ಎಣ್ಣೆ ಬಾಟ್ಲಿಗೆ ಕೋಡನ್ನು 90 ಡಿಗ್ರಿ ತಿರುಗಿಸಿ, ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಬರಲಿ. ಎತ್ತರ ಕತ್ತರಿಸಿ ರಿಬ್ಬನ್ನಿನ ಹಾಗೆ ಮಾಡುವುದು ಬೇಡ, ಟೇಬಲಿನ ಒಳಗೆ ಕೂರಿಸಿದ ಸ್ಕ್ಯಾನರ್ ಅದನ್ನು ಯಾವ ದಿಕ್ಕಿನಿಂದ ತಂದರೂ ಓದಬೇಕಾದರೆ ಎತ್ತರ ಬೇಕು.

ಕೌಂಟರ್ ಸಾಫ್ಟ್‌ವೇರ್

ಪೂರ್ತಿ ಲಾಟ್ ಒತ್ತಿಸುವ ಮೊದಲು ಅಸಲಿ ಫಿಲ್ಮಿನಲ್ಲೇ ಸ್ಯಾಂಪಲ್ ತೆಗೊಂಡು, ಒಳಗೆ ಸಾಮಾನು ತುಂಬಿಸಿ, ನೀವು ಕೊಡುವ ಅಂಗಡಿಯ ಕೌಂಟರಿನಲ್ಲೇ ಓದಿಸಿ. ಮೊದಲ ಬೀಸಿಗೇ ಬೀಪ್ ಬರಬೇಕು, ಎರಡು ಮೂರು ಸಲ ಅಡ್ಡ ಉದ್ದ ತಿರುಗಿಸಿ ಬಂದರೆ ಅದು ಪಾಸ್ ಅಲ್ಲ. ಪರದೆಯಲ್ಲಿ ಬಂದ 13 ಅಂಕಿ, ಪ್ಯಾಕೆಟ್ಟಿನಲ್ಲಿ ಮುದ್ರಿಸಿದ 13 ಅಂಕಿ, ನಿಮ್ಮ ರಿಜಿಸ್ಟರ್ ಮೂರನ್ನೂ ತಾಳೆ ನೋಡಿ. ಹಳೆ ಡಿಸೈನ್ ಕಾಪಿ ಮಾಡುವಾಗ ಅಂಕಿ ಬದಲಿಸಿ ಗೆರೆ ಬದಲಿಸಲು ಮರೆಯುವುದುಂಟು. ದೊಡ್ಡ ಖರೀದಿದಾರರು ವೆರಿಫಿಕೇಶನ್ ರಿಪೋರ್ಟ್ (ಅಚ್ಚಿನ ಗುಣಮಟ್ಟದ ವರದಿ) ಕೇಳಿದರೆ ಗ್ರೇಡ್ ಸಿ ಅಥವಾ ಮೇಲೆ, ಅಂದ್ರೆ 1.5ಕ್ಕೆ ಕಡಿಮೆ ಇಲ್ಲದೆ, ಬರಬೇಕು. ಅದಕ್ಕೆ ಬೇರೆಯೇ ಯಂತ್ರ ಉಂಟು, ಸ್ಕ್ಯಾನರ್ ಸಾಲುವುದಿಲ್ಲ.

ಉಪ್ಪಳ ಸಪ್ಲೈ

ಎಂಆರ್‌ಪಿ ಬದಲಾದರೆ ಹೊಸ ನಂಬರ್ ಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ತೆಂಗಿನೆಣ್ಣೆ ರೇಟು ಒಂದು ಕಡೆ ನಿಲ್ಲುವುದಿಲ್ಲ, ಪ್ರತಿ ಸಲ ಹೊಸದು ತೆಗೊಂಡ್ರೆ 100 ನಂಬರ್ ಎಲ್ಲಿಗೆ ಸಾಕು?

ಕೌಂಟರ್ ಸಾಫ್ಟ್‌ವೇರ್

ಜಿಎಸ್1 ಪುಸ್ತಕದ ನಿಯಮ: ರೇಟು ಪ್ಯಾಕಿನ ಚಿತ್ರದೊಳಗೇ ಅಚ್ಚಾಗಿದ್ದು ಅದು ಬದಲಾದರೆ ಹೊಸ ನಂಬರ್. ನಮ್ಮ ಮಾರುಕಟ್ಟೆಯ ರೂಢಿ: ಎಂಆರ್‌ಪಿಯನ್ನು ತಾರೀಕಿನ ಜತೆ ಆಮೇಲೆ ಒತ್ತುತ್ತಾರೆ, ನಂಬರ್ ಹಾಗೆಯೇ ಇರ್ತದೆ, ಬಿಲ್ಲಿಂಗಿನಲ್ಲಿ ಸ್ಕ್ಯಾನ್ ಮಾಡಿದಾಗ ಎರಡು ಎಂಆರ್‌ಪಿ ತೋರಿಸಿ "ಯಾವುದು" ಅಂತ ಕೇಳ್ತದೆ. ನೀವೂ ಹಾಗೆ ಮಾಡಿ, ಎಂಆರ್‌ಪಿಗೆ ಖಾಲಿ ಚೌಕ ಬಿಟ್ಟು ಪೌಚ್ ಮಾಡಿಸಿ. ಆದರೆ ಹೊಸ ರೇಟಿನ ಮಾಲು ಇಳಿಸುವಾಗ ಅಂಗಡಿಗೆ ಬರಹದಲ್ಲಿ ತಿಳಿಸಿ. ಅವರು ಹೊಸ ರೇಟು ಮಾತ್ರ ಹಾಕಿ ಹಳೆ ಪ್ಯಾಕೆಟನ್ನೂ ಅದರಲ್ಲೇ ಬಿಲ್ ಮಾಡಿದರೆ ಎಂಆರ್‌ಪಿಗಿಂತ ಹೆಚ್ಚು ತೆಗೊಂಡ ಹಾಗೆ, ಲೀಗಲ್ ಮೆಟ್ರಾಲಜಿಯವರು (ಅಳತೆ ತೂಕದ ಇಲಾಖೆ) ಹಿಡಿಯುವ ಕೇಸು ಅದು.

ನಿಜವಾಗಿ ಹೊಸ ನಂಬರ್ ಬೇಕಾಗುವುದು ತೂಕ ಬದಲಾದಾಗ (200 ಇದ್ದದ್ದು 180 ಆದರೂ ಸರಿ), ಬ್ರ್ಯಾಂಡ್ ಬದಲಾದಾಗ, ಪ್ಯಾಕಿನ ಮೇಲೆ ಬರೆದ ಪದಾರ್ಥ ಬದಲಾದಾಗ, ಪ್ಯಾಕಿನ ಉದ್ದ ಅಗಲ ಅಥವಾ ಒಟ್ಟು ತೂಕ 20 ಪರ್ಸೆಂಟಿಗಿಂತ ಜಾಸ್ತಿ ಬದಲಾದಾಗ, ಓಣಂ ವಿಷುವಿಗೆ ಅಂತ ಎರಡು ಸಾಮಾನು ಕಟ್ಟಿ ಮಾರಿದಾಗ. ಲೇಬಲಿನ ಬಣ್ಣ ಬದಲಿಸಿದರೆ ಬೇಡ.

ಉಪ್ಪಳ ಸಪ್ಲೈ

ಕಾರ್ಟನಿಗೆ? ಮಂಗಳೂರಿನ ಒಂದು ಗೋದಾಮಿನವರು ಬಾಕ್ಸಿಗೂ ಕೋಡ್ ಕೇಳ್ತಾರೆ.

ಕುಂಬಳೆ ಪ್ರಿಂಟಿಂಗ್

ಅದು 14 ಅಂಕಿ, ಐಟಿಎಫ್-14. ಪ್ಯಾಕೆಟಿನ ನಂಬರಿನಿಂದ ಚೆಕ್ ಡಿಜಿಟ್ ತೆಗೆದು ಎದುರು 1 ಸೇರಿಸಿ, ಹೊಸ ಚೆಕ್ ಡಿಜಿಟ್ ಹಾಕಬೇಕು. ಮೇಲಿನ ಉದಾಹರಣೆ 18901234567019 ಆಗ್ತದೆ, ಕಡೆಯದು 2 ಅಲ್ಲ 9. 14 ಅಂಕಿಯ ಲೆಕ್ಕದಲ್ಲಿ ಮೂರರಿಂದ ಗುಣಿಸುವುದು ಬೆಸ ಸ್ಥಾನದವನ್ನು, ಅಲ್ಲಿ ಎಡವಬೇಡಿ. ಒಂದು ಬಾಕ್ಸಿನಲ್ಲಿ 12, ಇನ್ನೊಂದರಲ್ಲಿ 24 ಪ್ಯಾಕೆಟ್ ಇದ್ದರೆ ಎರಡನೆಯದಕ್ಕೆ ಎದುರು 2. ಹೀಗೆ 8ರ ತನಕ. ಕಂದು ಕಾರ್ಟನಿನಲ್ಲಿ ನೇರ ಒತ್ತಿದರೆ ಇಂಕ್ ಹೀರಿ ಗೆರೆ ದಪ್ಪ ಆಗ್ತದೆ, ಬಿಳಿ ಲೇಬಲ್ ಮಾಡಿ ಅಂಟಿಸುವುದೇ ವಾಸಿ. ಸುತ್ತ ಇರುವ ದಪ್ಪ ಚೌಕಟ್ಟು ಅಲಂಕಾರ ಅಲ್ಲ, ಓರೆಯಾಗಿ ಅರ್ಧ ಓದಿ ತಪ್ಪು ನಂಬರ್ ಬಾರದ ಹಾಗೆ ಅದು ಬೇಕು. ಸ್ಥಳೀಯ ಅಂಗಡಿಗಳಿಗೆ ಮಾತ್ರ ಕೊಡುವವರಿಗೆ ಇದು ಬೇಕಾಗಿಲ್ಲ.

ಮುಳ್ಳೇರಿಯ ಹಾಳೆತಟ್ಟೆ

ಹಾಳೆತಟ್ಟೆ ಹತ್ತರದ್ದು, ಇಪ್ಪತ್ತೈದರದ್ದು ಶ್ರಿಂಕ್ ಪ್ಯಾಕ್ ಉಂಟು, ಬದಿ ದುಂಡು, ಮೇಲೆ ತಗ್ಗು. ಎಲ್ಲಿ ಅಂಟಿಸುವುದು? ಈಗ ಶ್ರಿಂಕ್ ಮಾಡುವ ಮೊದಲು ಅಂಟಿಸಿದರೆ ಸ್ಟಿಕ್ಕರ್ ಸುರುಟಿಕೊಳ್ತದೆ. ಮತ್ತೆ, ಕ್ಯೂಆರ್ ಬರ್ತದೆ, ಗೆರೆಯದ್ದು ಹೋಗ್ತದೆ ಅಂತಾರಲ್ಲ?

ಕುಂಬಳೆ ಪ್ರಿಂಟಿಂಗ್

ಹತ್ತರದ್ದಕ್ಕೊಂದು, ಇಪ್ಪತ್ತೈದರದ್ದಕ್ಕೊಂದು ನಂಬರ್. ಒಂದೊಂದು ತಟ್ಟೆಗೆ ಅಂಟಿಸಬೇಡಿ, ಶ್ರಿಂಕ್ ಒಳಗಿನಿಂದ ಅದು ಕಂಡರೆ ಕೌಂಟರಿನವ ಅದನ್ನೇ ಓದಿಸಿ ಒಂದು ತಟ್ಟೆಯ ರೇಟು ಹಾಕ್ತಾನೆ. ಸ್ಟಿಕ್ಕರ್ ಶ್ರಿಂಕ್ ಆಗಿ, ತಣಿದು, ಫಿಲ್ಮಿನ ಹೊರಗೆ. ಜಾಗ ಅಡಿಭಾಗ: ತಟ್ಟೆ ಕವುಚಿ ಹಾಕಿದಾಗ ಮೇಲೆ ಬರುವ ಚಪ್ಪಟೆ ನಡುಭಾಗದಲ್ಲಿ 50×50 ಸ್ಟಿಕ್ಕರ್ ಸುಕ್ಕಿಲ್ಲದೆ ಕೂರ್ತದೆ. ಫಿಲ್ಮ್ ಬಿಗಿಯಾಗದೆ ತಗ್ಗಿನ ಮೇಲೆ ಡೋಲಿನ ಹಾಗೆ ನಿಂತರೆ ಅಲ್ಲಿ ಬೇಡ, ಬೆರಳು ತಾಗಿ ಹರೀತದೆ. ಹಾಳೆ ಸರಿಯಾಗಿ ಒಣಗದೆ ಶ್ರಿಂಕ್ ಮಾಡಿದರೆ ಒಳಗೆ ಬೂಸಲು ಬರುವುದಲ್ಲದೆ ಫಿಲ್ಮಿನ ಒಳಮೈ ಬೆವರಿ ಗೆರೆಯ ಹಿಂದೆ ಕಪ್ಪು ಕಲೆ ಕಾಣ್ತದೆ, ಬಿಳಿ ಅಪಾರದರ್ಶಕ ಸ್ಟಿಕ್ಕರ್ ಆದರೆ ಕೋಡಿಗೆ ತೊಂದರೆ ಇಲ್ಲ, ಮಾಲಿಗೆ ಉಂಟು.

ಕ್ಯೂಆರ್ ವಿಷಯ: 2027ರ ಕೊನೆಗೆ ಕೌಂಟರುಗಳು ಚೌಕದ ಕೋಡನ್ನೂ ಓದುವ ಹಾಗೆ ಆಗಬೇಕು ಅಂತ ಜಿಎಸ್1 ಗುರಿ ಇಟ್ಟಿದೆ. ಅದರಲ್ಲೂ ಒಳಗೆ ಹೋಗುವುದು ಇದೇ ನಂಬರ್. ಗೆರೆಯದ್ದನ್ನು ತೆಗೆಯಲಿಕ್ಕೆ ಈಗ ಯಾರೂ ಹೇಳುವುದಿಲ್ಲ. ನಿಮ್ಮ ಯುಪಿಐ ಕ್ಯೂಆರ್ ಅನ್ನು ಮಾತ್ರ ಪ್ಯಾಕೆಟ್ಟಿನಲ್ಲಿ ಬಾರ್‌ಕೋಡಿನ ಪಕ್ಕ ಹಾಕಬೇಡಿ, ಎರಡನ್ನೂ ಓದುವ ಸ್ಕ್ಯಾನರ್ ಆದರೆ ಬಿಲ್ಲಿನಲ್ಲಿ ಅದನ್ನೇ ಎಳ್ಕೊಂಡು "ಐಟಂ ಇಲ್ಲ" ಅಂತದೆ.

ನೀರ್ಚಾಲು ಗೃಹೋದ್ಯಮ

ಈಗಾಗಲೇ ಒತ್ತಿಸಿದ ಹಪ್ಪಳದ ಪೌಚ್ ಉಂಟು, ಕೋಡ್ ಇಲ್ಲದ್ದು. ಅದಕ್ಕೆ ಸ್ಟಿಕ್ಕರ್ ಹಾಕಿ ಮುಗಿಸಬಹುದಲ್ಲ?

ಕೌಂಟರ್ ಸಾಫ್ಟ್‌ವೇರ್

ಧಾರಾಳ. ಎಂಆರ್‌ಪಿ, ತೂಕ, ತಾರೀಕು ಮುಚ್ಚದ ಹಾಗೆ ಅಂಟಿಸಿ. 200 ಮತ್ತು 500 ಗ್ರಾಮಿನ ರೋಲ್ ಒಂದೇ ಮೇಜಿನಲ್ಲಿ ಇಡಬೇಡಿ, ಖಾರ ಸಪ್ಪೆಯದ್ದೂ. ಒಂದು ಬಗೆ ಪೂರ್ತಿ ಅಂಟಿಸಿ, ರೋಲ್ ತೆಗೆದಿಟ್ಟು, ಆಮೇಲೆ ಇನ್ನೊಂದು. ಸ್ಟಿಕ್ಕರಿನಲ್ಲಿ ಕೋಡಿನ ಮೇಲೆ "ಹಲಸು ಖಾರ 200" ಅಂತ ಸಣ್ಣಕ್ಕೆ ಬರೆಸಿದರೆ ಅಂಟಿಸುವವರಿಗೂ ಗೊತ್ತಾಗ್ತದೆ. ಖಾಲಿ ಜಾಗ ಬಿಟ್ಟು, ಅಕ್ಕ.